ಕುತಾಹ್ಯ ಎಂದು ಮಾರುವ ಅರ್ಮೇನಿಯನ್ ಪಿಂಗಾಣಿ: ಮೊದಲು ಮಗುಚಿ ನೋಡಿ

ಹೂಜಿಪ್ರಿಯ

ಆನ್‌ಲೈನ್ ಹರಾಜಿಗೆ ಒಂದು ಬಟ್ಟಲು ಬಂದಿದೆ. ಮಾರುವವರ ವಿವರಣೆ: ಟರ್ಕಿಯ ಕುತಾಹ್ಯ ಊರಿನದು, ಅರ್ಮೇನಿಯನ್ ಕುಶಲಕರ್ಮಿಗಳ ಕೆಲಸ, 18ನೇ ಶತಮಾನ. ಬಾಯಗಲ 19 ಸೆಂ.ಮೀ., ಎತ್ತರ 9 ಸೆಂ.ಮೀ., ತೂಕ 740 ಗ್ರಾಂ. ಬಿಳಿ ನೆಲ, ದ್ರಾಕ್ಷಿಬಳ್ಳಿಯ ಸುರುಳಿಗಳು, ಪ್ರತಿ ಸುರುಳಿಯೊಳಗೆ ಒಂದು ಹಕ್ಕಿ. ಕಡುನೀಲಿ, ತಿಳಿನೀಲಿ, ದಟ್ಟ ಹಸಿರು, ಕಂದುಗೆಂಪು, ಹೊರಗೆರೆ ಕಪ್ಪು. ಹಳದಿ ಎಲ್ಲೂ ಇಲ್ಲ. ಗ್ಲೇಜಿನ, ಅಂದರೆ ಗಾಜಿನಂಥ ಹೊರಲೇಪದ, ಮೇಲೆಲ್ಲ ಕೂದಲೆಳೆ ಬಿರುಕು, ಬಿರುಕಿನೊಳಗೆ ಕಂದು ಕಲೆ. ತಳದ ಉಂಗುರದಲ್ಲಿ ಗ್ಲೇಜ್ ಇಲ್ಲದ ಕಡೆ ಮಣ್ಣು ನಸುಗೆಂಪು ಕೆನೆಬಣ್ಣ. ಮುದ್ರೆ, ಸಹಿ ಏನೂ ಇಲ್ಲ. ಮಾರುವವರ ಮಾತು ನಂಬಬಹುದೇ? ಬಿರುಕುಗಳನ್ನು ನೋಡಿದರೆ ಹಳೆಯದು ಅನ್ನಿಸುತ್ತಿದೆ.

ಮಸಿಕುಂಚ

ಅರ್ಮೇನಿಯನ್ ಅನ್ನುವುದು ಸರಿ ಇರಬಹುದು. ಕುತಾಹ್ಯ ಅನುಮಾನ. 18ನೇ ಶತಮಾನ ಖಂಡಿತ ಅಲ್ಲ.

ಮೊದಲು ಚಿತ್ರ ನೋಡೋಣ. ಬಳ್ಳಿಯ ಸುರುಳಿಗೊಂದು ಹಕ್ಕಿ ಕೂರಿಸುವ ಈ ವಿನ್ಯಾಸದ ಮೂಲ ಜೆರುಸಲೇಮಿನ ಡಮಾಸ್ಕಸ್ ಬಾಗಿಲ ಹತ್ತಿರ 1894ರಲ್ಲಿ ಸಿಕ್ಕ ಮೊಸಾಯಿಕ್ ನೆಲಹಾಸು. ಅದು ಸುಮಾರು 6ನೇ ಶತಮಾನದ್ದು. 'ಯಾರ ಹೆಸರು ದೇವರಿಗೆ ಮಾತ್ರ ಗೊತ್ತೋ ಆ ಎಲ್ಲ ಅರ್ಮೇನಿಯನ್ನರ ನೆನಪಿಗೆ' ಎಂಬರ್ಥದ ಅರ್ಮೇನಿಯನ್ ಬರಹ ಅದರಲ್ಲಿದೆ. ಕುತಾಹ್ಯದಿಂದ ಜೆರುಸಲೇಮಿಗೆ ಬಂದ ಚಿತ್ರಗಾರರು 1919ರ ನಂತರ ಅದನ್ನು ತಮ್ಮ ತಟ್ಟೆ, ಟೈಲುಗಳಿಗೆ ಇಳಿಸಿಕೊಂಡರು. 18ನೇ ಶತಮಾನದಲ್ಲಿ ಆ ನೆಲಹಾಸು ಮಣ್ಣಿನಡಿ ಇತ್ತು.

ಇದೇ ತರ್ಕ ಇನ್ನೊಂದು ವಿನ್ಯಾಸಕ್ಕೂ ಹೊಂದುತ್ತದೆ. ದೊಡ್ಡ ಮರ, ಒಂದು ಪಕ್ಕ ಮೇಯುವ ಜಿಂಕೆಗಳು, ಇನ್ನೊಂದು ಪಕ್ಕ ಜಿಂಕೆಯ ಮೇಲೆ ಎರಗಿದ ಸಿಂಹ. ಅದು ಜೆರಿಕೋ ಬಳಿಯ ಹಿಶಾಮನ ಅರಮನೆಯ ನೆಲಹಾಸು. ಅಲ್ಲಿ ಉತ್ಖನನ ನಡೆದದ್ದು 1930, 40ರ ದಶಕಗಳಲ್ಲಿ. ಆ ಮರ ಇರುವ ತಟ್ಟೆಯನ್ನು 1920ರದ್ದು ಎಂದು ಯಾರಾದರೂ ಮಾರಿದರೆ ದಾರಿ ಬಿಟ್ಟು ನಡೆಯಿರಿ.

ಆವಿಗೆಬಾಗಿಲು

ಬಣ್ಣವೂ ಅದನ್ನೇ ಹೇಳುತ್ತಿದೆ. 18ನೇ ಶತಮಾನದ ಮೊದಲರ್ಧದ ಕುತಾಹ್ಯದ ಗುರುತೇ ಹಳದಿ. ಕೋಬಾಲ್ಟಿನ ನೀಲಿ, ತಾಮ್ರದ ಹಸಿರು ಮತ್ತು ತಿಳಿನೀಲಿ, ಮ್ಯಾಂಗನೀಸಿನ ನೇರಳೆ, ಅರಗಿನಂತೆ ಸ್ವಲ್ಪ ಉಬ್ಬಿದ ಕೆಂಪು, ಇವುಗಳ ಜೊತೆ ನಿಂಬೆಹಳದಿಯ ಚುಕ್ಕೆಗಳು. ಟರ್ಕಿಯ ಇನ್ನೊಂದು ಪಿಂಗಾಣಿ ಊರಾದ ಇಜ್ನಿಕ್ ಸಾಮಾನಿನಲ್ಲಿ ಈ ಹಳದಿ ಇರುವುದಿಲ್ಲ. ನೀಲಿ-ಬಿಳಿ ಮಾತ್ರ ಇರುವ ಕುತಾಹ್ಯ ಸಾಮಾನೂ ಉಂಟು, ಹಾಗಾಗಿ ಹಳದಿ ಇಲ್ಲ ಅಂದ ಮಾತ್ರಕ್ಕೆ ತಳ್ಳಿಹಾಕುವಂತಿಲ್ಲ. ಆದರೆ ಐದು ಬಣ್ಣ ಬಳಸಿ ಹಳದಿ ಬಿಟ್ಟಿದ್ದಾರೆ ಅಂದರೆ ಯೋಚಿಸಬೇಕು.

ಆಕಾರ, ತೂಕ ಕೂಡ. ಆ ಕಾಲದ ಕುತಾಹ್ಯ ಸಾಮಾನು ಚಿಕ್ಕದು, ತೆಳು: ಹಿಡಿಯಿಲ್ಲದ ಕಾಫಿ ಬಟ್ಟಲು, ಅದರ ತಟ್ಟೆ, ಪನ್ನೀರುದಾನಿ, ನಿಂಬೆ ಹಿಂಡುವ ಬಟ್ಟಲು, ಚಪ್ಪಟೆ ಹೊಟ್ಟೆಯ ಯಾತ್ರಿಕರ ಕುಪ್ಪಿ, ಚರ್ಚಿನ ದೀಪದ ಸರಪಳಿಗೆ ಪೋಣಿಸುವ ಮೊಟ್ಟೆಯಾಕಾರದ ಗುಂಡು.

ನಿಮ್ಮ ಪ್ರಶ್ನೆಯಲ್ಲಿ 'ದಟ್ಟ ಹಸಿರು' ಅಂದಿದ್ದೀರಿ. ಅದು ಪಾರದರ್ಶಕವಾಗಿ, ಅಂಚಿನಲ್ಲಿ ಸ್ವಲ್ಪ ಹರಡಿದೆಯೇ, ಅಥವಾ ಬಣ್ಣದ ಡಬ್ಬಿಯಿಂದ ಬಳಿದಂತೆ ಸಮನಾಗಿ ಕೂತಿದೆಯೇ?

ಹೂಜಿಪ್ರಿಯ

ಸಮನಾಗಿ ಕೂತಿದೆ. ಹಸಿರಿನ ಅಂಚು ಚೂಪು. ತಿಳಿನೀಲಿ ಮಾತ್ರ ಕಪ್ಪು ಗೆರೆ ದಾಟಿ ಅಲ್ಲಲ್ಲಿ ಹರಿದಿದೆ.

ಆವಿಗೆಬಾಗಿಲು

ಹಾಗಾದರೆ ಕ್ರೋಮಿಯಂ ಹಸಿರು ಇರಬೇಕು. ತಾಮ್ರ ಗ್ಲೇಜಿನಲ್ಲಿ ಕರಗಿ ಹರಿಯುತ್ತದೆ. ಕ್ರೋಮಿಯಂ ಆಕ್ಸೈಡ್ ಹೆಚ್ಚುಕಮ್ಮಿ ಕರಗುವುದೇ ಇಲ್ಲ, ಇಟ್ಟಲ್ಲೇ ಕೂರುತ್ತದೆ. ಕ್ರೋಮಿಯಂ ಧಾತುವನ್ನು ಫ್ರಾನ್ಸಿನ ವೋಕ್ಲಾಂ ಗುರುತಿಸಿದ್ದೇ 1797ರಲ್ಲಿ. ಪಿಂಗಾಣಿಗೆ ಅದು ಬಂದದ್ದು 19ನೇ ಶತಮಾನದಲ್ಲಿ. ಕೈಯಲ್ಲಿ ಹಿಡಿಯುವ ಎಕ್ಸ್‌ಆರ್‌ಎಫ್ ಯಂತ್ರವನ್ನು, ಅಂದರೆ ಎಕ್ಸ್-ಕಿರಣ ಬಿಟ್ಟು ಧಾತು ಗುರುತಿಸುವ ಸಾಧನವನ್ನು, ಹಸಿರಿನ ಮೇಲೆ ಅರ್ಧ ನಿಮಿಷ ಇಟ್ಟರೆ ಕ್ರೋಮಿಯಂ ಇದೆಯೋ ಇಲ್ಲವೋ ಗೊತ್ತಾಗುತ್ತದೆ, ಸಾಮಾನಿಗೆ ಗೀರು ಕೂಡ ಬೀಳುವುದಿಲ್ಲ. ಎರಡು ಜಾಗದಲ್ಲಿ ಅಳೆಯಿರಿ: ಒಂದು ಹಸಿರಿನ ಮೇಲೆ, ಇನ್ನೊಂದು ಬರೀ ಬಿಳಿಯ ಮೇಲೆ. ಬಿಳಿಯದ್ದನ್ನು ಕಳೆದು ನೋಡದಿದ್ದರೆ ಮಣ್ಣಿನಲ್ಲಿರುವ ಧಾತುಗಳನ್ನೇ ಬಣ್ಣದ್ದು ಅಂದುಕೊಳ್ಳುವ ಅಪಾಯವಿದೆ. ಕಪ್ಪು ಹೊರಗೆರೆ ಹತ್ತಿರವೂ ಇಡಬೇಡಿ, ಕಪ್ಪು ಬಣ್ಣದಲ್ಲೂ ಕ್ರೋಮಿಯಂ ಇರಬಹುದು.

ಇನ್ನು ಬಿರುಕು. ಇದು ವಯಸ್ಸಿನ ಪುರಾವೆ ಅಲ್ಲವೇ ಅಲ್ಲ. ಗೂಡಿನಿಂದ ತೆಗೆದು ತಣ್ಣಗಾಗುವಾಗ ಗ್ಲೇಜ್ ಮಣ್ಣಿಗಿಂತ ಹೆಚ್ಚು ಕುಗ್ಗಿದರೆ ಬಿರುಕು ಬರುತ್ತದೆ, ಅವತ್ತೇ ಬರಬಹುದು. ಇಜ್ನಿಕ್‌ನವರು ಅದನ್ನು ತಪ್ಪಿಸಿದ್ದು ಬೆಣಚುಕಲ್ಲಿನಿಂದ. 1301ರಲ್ಲಿ ಇರಾನಿನ ಕಾಶಾನ್ ಊರಿನ ಅಬುಲ್ ಕಾಸಿಂ ಬರೆದಿಟ್ಟ ಪಾಕದಲ್ಲಿ 10 ಪಾಲು ಬೆಣಚುಕಲ್ಲಿನ ಪುಡಿ, 1 ಪಾಲು ಫ್ರಿಟ್, ಅಂದರೆ ಗಾಜು ಕರಗಿಸಿ ಪುಡಿ ಮಾಡಿದ್ದು, 1 ಪಾಲು ಬಿಳಿ ಜೇಡಿ. ಇಜ್ನಿಕ್ ಪಾಕವೂ ಅದೇ ಜಾತಿಯದು. ಬೆಣಚುಕಲ್ಲು ಬಿಸಿಗೆ ಬಹಳ ಹಿಗ್ಗುತ್ತದೆ, ತಣಿದಾಗ ಅಷ್ಟೇ ಕುಗ್ಗಿ ಗ್ಲೇಜನ್ನು ಬಿಗಿಯಾಗಿ ಒತ್ತಿಹಿಡಿಯುತ್ತದೆ. ಮಾಮೂಲಿ ಜೇಡಿಮಣ್ಣು ಅಷ್ಟು ಕುಗ್ಗುವುದಿಲ್ಲ. ಅದರ ಮೇಲೆ ಅದೇ ಕ್ಷಾರದ ಗ್ಲೇಜ್ ಹಾಕಿದರೆ ಎಳೆತಕ್ಕೆ ಸಿಕ್ಕಿ ಒಡೆಯುತ್ತದೆ. ಜೊತೆಗೆ, ಕಡಿಮೆ ಶಾಖದಲ್ಲಿ ಸುಟ್ಟ ಮಣ್ಣು ವರ್ಷಗಟ್ಟಲೆ ಗಾಳಿಯ ತೇವ ಹೀರಿ ತುಸು ಉಬ್ಬುತ್ತದೆ; ಹಾಗೆ ತಡವಾಗಿ ಬರುವ ಬಿರುಕೂ ಉಂಟು.

ತುಣುಕುಚೂರು

ಕಂದು ಕಲೆಯ ವಿಷಯ ಸೇರಿಸುತ್ತೇನೆ. ಬಳಸಿ ಬಳಸಿ ಆದ ಕಲೆ ಎಲ್ಲ ಕಡೆ ಒಂದೇ ತರ ಇರುವುದಿಲ್ಲ. ತಳದಲ್ಲಿ, ಚಕ್ಕೆ ಎದ್ದ ಕಡೆ, ಎಣ್ಣೆ ನಿಂತ ಕಡೆ ದಟ್ಟ, ಅಂಚಿನತ್ತ ತೆಳು. ಚಹಾ ಕಷಾಯದಲ್ಲೋ ಕಾಫಿಯಲ್ಲೋ ಕುದಿಸಿ ಹಳೆಯದು ಮಾಡಿದ್ದರೆ ಒಳಗೂ ಹೊರಗೂ ತಳದಡಿಯಲ್ಲೂ ಒಂದೇ ಛಾಯೆ. ಉಂಗುರದ ಮಣ್ಣು ಕೂಡ ಸಮನಾಗಿ ಕಂದು ಬಂದಿದ್ದರೆ ಅನುಮಾನಿಸಿ. ಉಂಗುರದ ಸವೆತ ನೋಡುವಾಗ ಹತ್ತು ಪಟ್ಟು ಹಿಗ್ಗಿಸುವ ಲೂಪ್ (ಭೂತಗನ್ನಡಿ) ಹಿಡಿಯಿರಿ. ದಶಕಗಟ್ಟಲೆ ಬಳಸಿದ್ದರ ಗೀರುಗಳು ಬೇರೆಬೇರೆ ದಿಕ್ಕಿಗೆ, ಬೇರೆಬೇರೆ ಆಳಕ್ಕೆ ಇರುತ್ತವೆ. ಮರಳುಕಾಗದದಲ್ಲಿ ಉಜ್ಜಿದ್ದು ಸಮಾಂತರ ಗೆರೆಗಳಾಗಿ ಕಾಣುತ್ತದೆ.

ಸರಪಳಿ ಗುಂಡುಗಳಿಗೆ ಇನ್ನೊಂದು ಪರೀಕ್ಷೆ. ಮೇಲೂ ಕೆಳಗೂ ತೂತು ಇರುತ್ತದೆ. ನಿಜವಾಗಿ ತೂಗಿದ್ದರೆ ಸರಪಳಿ ಉಜ್ಜಿದ ಕಡೆ ತೂತಿನ ಬಾಯಲ್ಲಿ ಗ್ಲೇಜ್ ಸವೆದು ಮಣ್ಣು ಕಾಣಬೇಕು. ಆರು ರೆಕ್ಕೆಯ ದೇವದೂತರ ಮುಖ ಬರೆದ ಗುಂಡುಗಳಿಗೆ ಬೇಡಿಕೆ ಜಾಸ್ತಿ, ಹಾಗಾಗಿ ನಕಲೂ ಜಾಸ್ತಿ. ತೂತಿನ ಬಾಯಿ ಹೊಸ ಗುಂಡಿಯಂತೆ ನಯವಾಗಿದ್ದರೆ ಬೇಡ.

ಹಳೇಲಿಪಿ

ಅರ್ಮೇನಿಯನ್ ಬರಹ ಇರುವ ಸಾಮಾನು ಸಿಕ್ಕರೆ ಇಸವಿಯನ್ನು ನೀವೇ ಓದಬಹುದು, ಕಷ್ಟವಿಲ್ಲ. ಹಳೆಯ 36 ಅಕ್ಷರಗಳನ್ನು 9ರಂತೆ ನಾಲ್ಕು ಸಾಲು ಮಾಡಿ. ಮೊದಲ ಸಾಲು 1ರಿಂದ 9, ಎರಡನೆಯದು 10ರಿಂದ 90, ಮೂರನೆಯದು 100ರಿಂದ 900, ನಾಲ್ಕನೆಯದು 1000ದಿಂದ 9000. ಅಕ್ಷರಗಳ ಬೆಲೆ ಕೂಡಿಸಿದರೆ ಅರ್ಮೇನಿಯನ್ ಶಕದ ವರ್ಷ ಬರುತ್ತದೆ, ಅದಕ್ಕೆ 551 ಸೇರಿಸಿದರೆ ನಮ್ಮ ಇಸವಿ.

ಬ್ರಿಟಿಷ್ ಮ್ಯೂಸಿಯಂನಲ್ಲಿರುವ ನೀಲಿ-ಬಿಳಿ ಹೂಜಿಯಲ್ಲಿ 959 ಎಂದಿದೆ: 1510. ಅದು ಕುತಾಹ್ಯದ ಅಬ್ರಹಾಂ ಎಂಬ ದೇವಸೇವಕನ ನೆನಪಿನದು. ಅಲ್ಲೇ ಇರುವ ಕತ್ತು ಮುರಿದ ಕುಪ್ಪಿಯಲ್ಲಿ 978: 1529. ಕುತಾಹ್ಯದಲ್ಲಿ ಅರ್ಮೇನಿಯನ್ನರು ಇಷ್ಟು ಹಿಂದೆಯೇ ಈ ಕಸುಬಿನ ಜೊತೆ ನಂಟು ಹೊಂದಿದ್ದರು ಅನ್ನಲು ಇವೇ ಆಧಾರ.

ಒಂದು ಎಚ್ಚರ. ಹಳೆ ಅರ್ಮೇನಿಯನ್ ವರ್ಷಕ್ಕೆ ಸರಿಯಾಗಿ 365 ದಿನ, ಅಧಿಕ ದಿನವಿಲ್ಲ. ನಾಲ್ಕು ವರ್ಷಕ್ಕೊಂದು ದಿನ ಹಿಂದೆ ಸರಿಯುತ್ತ ಬಂದು, 1168ನೇ ವರ್ಷ ಆರಂಭವಾಗುವ ಹೊತ್ತಿಗೆ 1718ರ ಸೆಪ್ಟೆಂಬರ್. ಹಾಗಾಗಿ 1168 ಎಂದಿದ್ದರೆ 1719 ಅನ್ನುವುದು ವಾಡಿಕೆ, 1718ರ ಕೊನೆಯ ತಿಂಗಳುಗಳೂ ಆಗಬಹುದು. ಜೆರುಸಲೇಮಿನ ಸಂತ ಜೇಮ್ಸ್ ಅರ್ಮೇನಿಯನ್ ಕ್ಯಾಥೆಡ್ರಲಿನ ಎಚ್ಮಿಯಾಡ್ಜಿನ್ ಪ್ರಾರ್ಥನಾ ಮಂದಿರದ ಚಿತ್ರಟೈಲುಗಳು ಈ ಕಾಲದವು. ಯೇಸುವಿನ ಸಮಾಧಿ ಚರ್ಚಿನ ದುರಸ್ತಿಗೆಂದು ಕುತಾಹ್ಯದಲ್ಲಿ ಮಾಡಿಸಿದವು, ಅಲ್ಲಿಗೆ ಹೋಗಲಿಲ್ಲ. ಬೈಬಲಿನ ದೃಶ್ಯಗಳು ಕ್ರಮ ತಪ್ಪಿ, ಮಾಮೂಲಿ ನೀಲಿ-ಬಿಳಿ ಟೈಲುಗಳ ನಡುವೆ ಹೊಂದಿಸಿದಲ್ಲಿ ಕೂತಿವೆ. ಚಿತ್ರದ ಕೆಳಗೆ ಕೊಟ್ಟವರ ಹೆಸರು, ಇಸವಿ ಸಾಲಾಗಿ ಬರೆದಿದೆ. ಆ ಹಳದಿ ಹೇಗಿರುತ್ತದೆ ಅಂತ ಕಣ್ಣಿಗೆ ಅಭ್ಯಾಸ ಮಾಡಿಸಲು ಇವುಗಳ ಫೋಟೊಗಿಂತ ಒಳ್ಳೆಯ ಪಾಠ ಇಲ್ಲ.

ಬೀದರ್ ಬಿಸಿಲು

ನಡುವೆ ಒಂದು ಪ್ರಶ್ನೆ. ನಮ್ಮ ಬೀದರಿನ ಗವಾನ್ ಮದರಸಾದ ಟೈಲುಗಳಿಗೂ ಇದಕ್ಕೂ ಸಂಬಂಧ ಇದೆಯೇ?

ಮಸಿಕುಂಚ

ದೂರದ ನೆಂಟಸ್ತಿಕೆ ಅಷ್ಟೆ. ಎರಡರ ಬೇರೂ ಇರಾನಿನ ಕಡೆಗೆ ಹೋಗುತ್ತದೆ. ಆದರೆ 1472ರ ಆ ಮದರಸಾದ ಮುಂಗೋಡೆಯಲ್ಲಿ ಮುಖ್ಯವಾಗಿ ಕಾಣುವುದು ಒಂದೊಂದು ಬಣ್ಣದ ಟೈಲನ್ನು ಬೇರೆ ಬೇರೆ ಸುಟ್ಟು, ಆಕಾರಕ್ಕೆ ಕತ್ತರಿಸಿ ಜೋಡಿಸಿದ ಕೆಲಸ. ಕುತಾಹ್ಯದ್ದು ಒಂದೇ ಟೈಲಿನ ಮೇಲೆ ಕುಂಚದಲ್ಲಿ ಬರೆದು, ಮೇಲೆ ಗ್ಲೇಜ್ ಹಾಕಿ ಸುಟ್ಟದ್ದು. ಗೆರೆಯ ಬದಲು ಸಂದು ಕಂಡರೆ ಅದು ಜೋಡಣೆ.

ಹೂಜಿಪ್ರಿಯ

ಧನ್ಯವಾದ. ಹಾಗಾದರೆ ಜೆರುಸಲೇಮ್ ಅಂದುಕೊಳ್ಳೋಣ. ಯಾರ ಕೈಕೆಲಸ ಅಂತ ಹೇಳಲು ಸಾಧ್ಯವೇ? ಮಾರುವವರು ಈಗ ಒಹಾನೆಸಿಯಾನ್ ಇರಬಹುದು ಅನ್ನುತ್ತಿದ್ದಾರೆ.

ಮಸಿಕುಂಚ

ಮಾರುವವರಿಗೆ ಆ ಹೆಸರು ಬಾಯಿಗೆ ಬರಲು ಕಾರಣ ಬೆಲೆ. ಹಿನ್ನೆಲೆ ಚಿಕ್ಕದಾಗಿ ಹೇಳುತ್ತೇನೆ.

ದಾವಿದ್ ಒಹಾನೆಸಿಯಾನ್ (1884–1953) 20ನೇ ಶತಮಾನದ ಆರಂಭದಲ್ಲಿ ಕುತಾಹ್ಯದಲ್ಲಿದ್ದ ಮೂರು ದೊಡ್ಡ ಕಾರ್ಖಾನೆಗಳಲ್ಲಿ ಒಂದರ ಒಡೆಯ. ಉಳಿದೆರಡು ಮಿನಾಸಿಯಾನ್ ಸಹೋದರರದ್ದು ಮತ್ತು ಮೆಹ್ಮೆದ್ ಎಮಿನ್ ಅವರದ್ದು. ಈ ಮೂವರೂ 16ನೇ ಶತಮಾನದ ಇಜ್ನಿಕ್ ಮಾದರಿಗಳನ್ನು ಮತ್ತೆ ಎತ್ತಿಕೊಂಡರು. ಇಂಗ್ಲೆಂಡಿನ ಯಾರ್ಕ್‌ಶೈರ್‌ನ ಸ್ಲೆಡ್‌ಮಿಯರ್ ಮಹಲು 1911ರಲ್ಲಿ ಬೆಂಕಿಗೆ ಸಿಕ್ಕ ಮೇಲೆ, ಅದರ ಒಡೆಯ ಮಾರ್ಕ್ ಸೈಕ್ಸ್ ಅಲ್ಲಿನ ಟರ್ಕಿಶ್ ಕೋಣೆಗೆ ಟೈಲು ಮಾಡಿಸಿದ್ದು ಒಹಾನೆಸಿಯಾನ್ ಅವರಿಂದ. 1916ರಲ್ಲಿ ಒಹಾನೆಸಿಯಾನ್ ಕುಟುಂಬ ಗಡೀಪಾರಾಯಿತು. ಅಲೆಪ್ಪೊದಲ್ಲಿ ಬದುಕುಳಿದಿದ್ದಾಗ ಅದೇ ಸೈಕ್ಸ್ ಮೂಲಕ ಜೆರುಸಲೇಮಿನ ದಾರಿ ತೆರೆಯಿತು. ಬಂಡೆಯ ಗುಮ್ಮಟದ, ಅಂದರೆ ಡೋಮ್ ಆಫ್ ದಿ ರಾಕ್‌ನ, ಉದುರಿದ ಟೈಲುಗಳನ್ನು ಮತ್ತೆ ಮಾಡುವ ಕೆಲಸ. ಅದಕ್ಕೆಂದು ಕುತಾಹ್ಯದಿಂದ ಕಸುಬುದಾರರನ್ನು ಕರೆತಂದರು. ಗುಮ್ಮಟದ ಕೆಲಸ ಕೊನೆಮುಟ್ಟಲಿಲ್ಲ, ಆದರೆ 'ಡೋಮ್ ಆಫ್ ದಿ ರಾಕ್ ಟೈಲ್ಸ್' ಎಂಬ ಹೆಸರಲ್ಲಿ ಕಾರ್ಖಾನೆ ವಯಾ ಡೊಲೊರೊಸಾದಲ್ಲಿ 1948ರವರೆಗೆ ನಡೆಯಿತು.

ಕರೆತಂದವರಲ್ಲಿ ಇಬ್ಬರು 1922ರಲ್ಲಿ ಬೇರೆಯಾದರು: ನಿಶಾನ್ ಬಾಲಿಯನ್ ಕುಂಬಾರ, ಮೆಗೆರ್ಡಿಚ್ ಕರಕಾಶಿಯಾನ್ ಚಿತ್ರಗಾರ. ನಾಬ್ಲಸ್ ರಸ್ತೆಯಲ್ಲಿ 'ಪ್ಯಾಲೆಸ್ಟೀನಿಯನ್ ಪಾಟರಿ' ಶುರುವಾಯಿತು. ಹಕ್ಕಿ-ಬಳ್ಳಿಯಂಥ ಸ್ಥಳೀಯ ವಿನ್ಯಾಸಗಳು ಬೆಳೆದದ್ದು ಹೆಚ್ಚಾಗಿ ಇವರ ಕೈಯಲ್ಲಿ. ಒಹಾನೆಸಿಯಾನ್ ಕೊನೆಯವರೆಗೂ ಆಟೋಮನ್ ವಿನ್ಯಾಸಕ್ಕೇ ಹತ್ತಿರ. ಹಾಗಾಗಿ ಸಹಿಯಿಲ್ಲದ ಹಕ್ಕಿ ಬಟ್ಟಲಿಗೆ ಅವರ ಹೆಸರು ಅಂಟಿಸುವುದು ನನ್ನ ಮಟ್ಟಿಗೆ ಆಸೆಬುರುಕುತನ.

ಇಲ್ಲೊಂದು ಬಲೆ ಇದೆ. 'ಪ್ಯಾಲೆಸ್ಟೀನಿಯನ್ ಪಾಟರಿ' ಎಂದು ತಳದಲ್ಲಿದ್ದರೆ 1948ಕ್ಕೆ ಮುಂಚಿನದು ಅಂತ ಮಾರುತ್ತಾರೆ. ತಪ್ಪು. 1960ರ ದಶಕದಲ್ಲಿ ಎರಡು ಕುಟುಂಬಗಳು ಬೇರೆಯಾದವು. ಕರಕಾಶಿಯಾನ್ ಮಕ್ಕಳು 'ಜೆರುಸಲೇಮ್ ಪಾಟರಿ' ಎಂದು ವಯಾ ಡೊಲೊರೊಸಾದಲ್ಲಿ ಶುರುಮಾಡಿದರು, ಬಾಲಿಯನ್ನರು ಹಳೆಯ ಜಾಗದಲ್ಲಿ ಹಳೆಯ ಹೆಸರನ್ನೇ ಉಳಿಸಿಕೊಂಡರು. ದೊಡ್ಡ ಗೋಡೆಚಿತ್ರಗಳಿಗೆ ಹೆಸರಾದ ಮೇರಿ ಬಾಲಿಯನ್ (1925–2017) ಆ ಮನೆಯ ಸೊಸೆ. ಮರ, ಜಿಂಕೆ, ನವಿಲುಗಳನ್ನು ಹತ್ತಾರು ಟೈಲುಗಳ ಮೇಲೆ ಹರಡಿಸಿ ಬರೆದ ಕೆಲಸ ಕಂಡರೆ ಅದು ಹೊಸ ಕಾಲದ್ದು. ಪುರಾತನ ಅಂತ ಕೊಳ್ಳಬೇಡಿ, ಚೆನ್ನಾಗಿದೆ ಅಂತ ಕೊಳ್ಳಿ.

ಹಳೇಲಿಪಿ

ಬೀದಿ ಹೆಸರಿನ ಫಲಕಗಳನ್ನೂ ಇದರ ಜೊತೆ ಹೇಳಬೇಕು. ಬ್ರಿಟಿಷರ ಕಾಲದಲ್ಲಿ ಒಹಾನೆಸಿಯಾನ್ ಕಾರ್ಖಾನೆ ಮಾಡಿದ್ದರಲ್ಲಿ ಇಂಗ್ಲಿಷ್, ಅರಬ್ಬಿ, ಹೀಬ್ರೂ ಮೂರೂ ಒಟ್ಟಿಗೆ. ಜೋರ್ಡಾನ್ ಆಡಳಿತದಲ್ಲಿ ಹಳೆ ನಗರಕ್ಕೆ ಮಾಡಿದ್ದರಲ್ಲಿ ಅರಬ್ಬಿ, ಇಂಗ್ಲಿಷ್ ಮಾತ್ರ. 1967ರ ನಂತರ ಅವುಗಳ ನೆತ್ತಿಯ ಮೇಲೆ ಹೀಬ್ರೂ ಸಾಲಿನ ಟೈಲುಗಳನ್ನು ಸೇರಿಸಿದರು. ಹತ್ತಿರ ನಿಂತು ನೋಡಿದರೆ ಕೆಳಗಿನ ಎರಡು ಭಾಷೆಗೆ ನಾಲ್ಕೂ ಕಡೆ ಸುತ್ತಿದ ಅಂಚುಪಟ್ಟಿ ಇದೆ, ಹೀಬ್ರೂ ಅದರ ಹೊರಗೆ ಕೂತಿದೆ. ಬಿಳಿಯ ಛಾಯೆಯೂ ಬೇರೆ.

ಆವಿಗೆಬಾಗಿಲು

ಕೊಳ್ಳುವವರು ತಯಾರಿಕೆಯ ಹಂತ ತಿಳಿದಿದ್ದರೆ ದೋಷ ಓದುವುದು ಸುಲಭ. ಅಚ್ಚಿನಲ್ಲೋ ತಿಗುರಿಯಲ್ಲೋ ಮಾಡಿ, ನಿಧಾನ ಒಣಗಿಸಿ, ಒಂದು ಸಲ ಬಿಸ್ಕ್, ಅಂದರೆ ಗ್ಲೇಜ್ ಇಲ್ಲದೆ, ಸುಡುತ್ತಾರೆ. ಧೂಳು ಒರೆಸುತ್ತಾರೆ. ವಿನ್ಯಾಸದ ಕಾಗದಕ್ಕೆ ಗೆರೆಯುದ್ದಕ್ಕೂ ಸೂಜಿಯಲ್ಲಿ ಒತ್ತೊತ್ತಾಗಿ ತೂತು ಹೊಡೆದು, ಸಾಮಾನಿನ ಮೇಲಿಟ್ಟು, ಬಟ್ಟೆಗಂಟಿನಲ್ಲಿ ಕಟ್ಟಿದ ಇದ್ದಿಲ ಪುಡಿ ತಟ್ಟುತ್ತಾರೆ. ರಂಗೋಲಿ ಅಚ್ಚಿನದೇ ತಂತ್ರ. ಚುಕ್ಕೆಗಳನ್ನು ಉದ್ದ ಕೂದಲಿನ ಕುಂಚದಲ್ಲಿ ಕಪ್ಪು ಗೆರೆಯಾಗಿ ಸೇರಿಸುತ್ತಾರೆ. ಕತ್ತೆಯ ಕೂದಲಿನ ಕುಂಚ ಇದಕ್ಕೆ ಪ್ರಸಿದ್ಧ: ಬಣ್ಣ ಹಿಡಿದಿಟ್ಟುಕೊಂಡು ಒಂದೇ ಎಳೆತಕ್ಕೆ ಉದ್ದ ಗೆರೆ ಬಿಡುತ್ತದೆ. ಇದ್ದಿಲು ಗೂಡಿನಲ್ಲಿ ಸುಟ್ಟುಹೋಗುತ್ತದೆ. ಗೆರೆಗಳ ನಡುವೆ ಬಣ್ಣ ತುಂಬಿ, ಗ್ಲೇಜಿನಲ್ಲಿ ಅದ್ದಿ, 900–950 ಡಿಗ್ರಿ ಆಸುಪಾಸಿಗೆ ಮತ್ತೆ ಸುಡುತ್ತಾರೆ.

ಕೈಗೆರೆ ಅನ್ನಲು ಲೂಪಿನಲ್ಲಿ ನೋಡಬೇಕಾದ್ದು: ಗೆರೆ ಶುರುವಾಗುವಲ್ಲಿ ದಪ್ಪ, ಮುಗಿಯುವಲ್ಲಿ ತೆಳು, ನಡುವೆ ಬಣ್ಣ ತೀರಿ ಮತ್ತೆ ಅದ್ದಿದ ಕಡೆ ಗಂಟು. ಡೆಕಾಲ್, ಅಂದರೆ ಮುದ್ರಿತ ಚಿತ್ರ, ಅಂಟಿಸಿದ್ದರಲ್ಲಿ ಗೆರೆಯ ದಪ್ಪ ಬದಲಾಗದು, ಒಂದೇ ಹಕ್ಕಿ ಎರಡು ಕಡೆ ಅಚ್ಚೊತ್ತಿದಂತೆ ಇರುತ್ತದೆ.

ಇನ್ನು ತಪ್ಪುಗಳು. ಬೆರಳಿನ ಜಿಡ್ಡು, ಧೂಳು ಇದ್ದ ಕಡೆ ಗ್ಲೇಜ್ ಸರಿದು ಬೋಳು ಬಿಡುತ್ತದೆ. ಬಣ್ಣ ದಪ್ಪ ಬಳಿದ ಕಡೆಯೂ ಅದೇ ಕಥೆ. ಗ್ಲೇಜ್ ಅತಿ ಕರಗಿದರೆ ಕೋಬಾಲ್ಟ್, ತಾಮ್ರ ಗೆರೆ ದಾಟುತ್ತವೆ, ನಿಮ್ಮ ಬಟ್ಟಲಿನ ತಿಳಿನೀಲಿ ಹರಿದಿರುವುದು ಹಾಗೆ. ತಾಮ್ರ ಕ್ಷಾರದ ಗ್ಲೇಜಿನಡಿ ತಿಳಿನೀಲಿ, ಸೀಸ ಜಾಸ್ತಿಯಾದರೆ ಹಸಿರು. ಕೆಂಪು ಎಲ್ಲಕ್ಕಿಂತ ಹಠಮಾರಿ. ಅದು ಕಬ್ಬಿಣದಂಶದ ಕೆಮ್ಮಣ್ಣು, ದಪ್ಪ ಹಚ್ಚಬೇಕು. ತೆಳುವಾದರೆ ಗ್ಲೇಜ್ ಅದನ್ನು ಕರಗಿಸಿಕೊಂಡು ಕಂದು-ಹಳದಿ ಕಲೆ ಉಳಿಸುತ್ತದೆ. ಬೆರಳಾಡಿಸಿದರೆ ಇಜ್ನಿಕ್ ಕೆಂಪು ಉಬ್ಬಾಗಿ ಸಿಗುತ್ತದೆ, ನಿಮ್ಮದು ಸಪಾಟಾಗಿ ಸಿಗಬಹುದು. ಗೂಡಿನಲ್ಲಿ ತವರದ ಬಿಳಿ ಗ್ಲೇಜಿನ ಸಾಮಾನಿನ ಪಕ್ಕ ಕ್ರೋಮಿಯಂ ಹಸಿರಿನದು ಇಟ್ಟರೆ ಬಿಳಿ ನಸುಗುಲಾಬಿಗೆ ತಿರುಗುತ್ತದೆ.

ತುಣುಕುಚೂರು

ಕೊಂಡರೆ ಏನು ಮಾಡಬಾರದು ಅನ್ನುವುದೂ ಇರಲಿ. ಬಕೆಟ್ ನೀರಿನಲ್ಲಿ ನೆನೆಹಾಕಬೇಡಿ. ಬಿರುಕಿನಿಂದ ನೀರು ಒಳಗೆ ಹೋಗಿ ಕಲೆಯನ್ನು ಇನ್ನೂ ದೂರ ಎಳೆಯುತ್ತದೆ. ಬ್ಲೀಚ್ ಬೇಡವೇ ಬೇಡ, ಅದರ ಕ್ಲೋರೈಡ್ ಲವಣ ಮಣ್ಣಿನೊಳಗೆ ಉಳಿದು, ಒಣಗುವಾಗ ಹರಳುಗಟ್ಟಿ ಗ್ಲೇಜನ್ನು ಒಳಗಿಂದ ಎಬ್ಬಿಸುತ್ತದೆ. ಹತ್ತಿ ಸುತ್ತಿದ ಕಡ್ಡಿಯನ್ನು ಡಿಸ್ಟಿಲ್ಡ್ ನೀರಿನಲ್ಲಿ ಅದ್ದಿ, ಹಿಂಡಿ, ಅಂಗೈಯಗಲದಷ್ಟು ಜಾಗ ಒಂದು ಸಲಕ್ಕೆ.

ಅದಕ್ಕೂ ಮುಂಚೆ ಕತ್ತಲಲ್ಲಿ 365 ನ್ಯಾನೋಮೀಟರ್ ಯುವಿ ಟಾರ್ಚ್ ಬಿಡಿ. ಮೇಲೆ ಬಳಿದ ದುರಸ್ತಿ ಬಣ್ಣ, ಎಪಾಕ್ಸಿ, ಹಳೆ ಅಂಟು ಸುತ್ತಲಿನ ಗ್ಲೇಜಿಗಿಂತ ಬೇರೆ ತರ ಹೊಳೆಯುತ್ತದೆ. ದುರಸ್ತಿ ಕಂಡರೆ ಅಸಿಟೋನ್ ಮುಟ್ಟಿಸಬೇಡಿ, ಬಳಿದ ಬಣ್ಣ ಎದ್ದುಬರುತ್ತದೆ. ಹೊಸದಾಗಿ ಅಂಟಿಸುವುದಿದ್ದರೆ ಪ್ಯಾರಲಾಯ್ಡ್ ಬಿ-72 ಎಂಬ ಅಕ್ರಿಲಿಕ್ ರಾಳ: ತೂಕದಲ್ಲಿ ಅರ್ಧ ರಾಳ, ಅರ್ಧ ಅಸಿಟೋನ್, ಮುಚ್ಚಿದ ಗಾಜಿನ ಬಾಟಲಿಯಲ್ಲಿ ರಾತ್ರಿಯಿಡೀ ಕರಗಲು ಬಿಡಿ. ಮುಂದೆ ಬಿಚ್ಚಬೇಕಾದರೆ ಅಸಿಟೋನ್ ಸಾಕು. ಅಂಗಡಿಯ ಸೂಪರ್ ಗ್ಲೂ ಚೂರುಗಳನ್ನು ಅರೆಕ್ಷಣದಲ್ಲಿ ತಪ್ಪು ಜಾಗದಲ್ಲಿ ಹಿಡಿದುಬಿಡುತ್ತದೆ, ಎಪಾಕ್ಸಿ ಬಿಡಿಸುವಾಗ ಅಂಚಿನ ಗ್ಲೇಜೂ ಜೊತೆಗೆ ಬರುತ್ತದೆ. ಗೋಡೆಗೆ ನೇತುಹಾಕುವ ಸ್ಪ್ರಿಂಗ್ ತಂತಿ ಅಂಚನ್ನು ಸದಾ ಒತ್ತುತ್ತಿರುತ್ತದೆ, ಕೂದಲೆಳೆ ಬಿರುಕಿರುವ ತಟ್ಟೆಗೆ ಅದು ಆಗದು.

ಊಟಕ್ಕೆ ಬಳಸಬೇಡಿ. ಇಂಥ ಹಳೆ ಗ್ಲೇಜಿನಲ್ಲಿ ಸೀಸ ಇರುತ್ತದೆ. ಮೊಸರು, ಹುಣಸೆ, ನಿಂಬೆ, ಉಪ್ಪಿನಕಾಯಿ ಯಾವುದೂ ಬೇಡ, ಬಿರುಕಿದ್ದರೆ ಇನ್ನೂ ಬೇಡ.

ಹೂಜಿಪ್ರಿಯ

ಹಾಗಾದರೆ ಮಾರುವವರಿಗೆ ಏನು ಕೇಳಲಿ?

ಮಸಿಕುಂಚ

ನಾಲ್ಕು ಫೋಟೊ ಕೇಳಿ, ಹಗಲು ಬೆಳಕಿನಲ್ಲಿ, ಫ್ಲ್ಯಾಶ್ ಇಲ್ಲದೆ: ಇಡೀ ತಳ, ಉಂಗುರದ ಹತ್ತಿರದ ನೋಟ, ಹಸಿರು ಕಪ್ಪು ಗೆರೆಯನ್ನು ಮುಟ್ಟುವ ಜಾಗ, ಒಳತಳದಲ್ಲಿ ಮೂರು ಕಾಲಿನ ಗುರುತು ಇದ್ದರೆ ಅದು. ಆ ಮೂರು ಚುಕ್ಕೆ ಗೂಡಿನಲ್ಲಿ ಒಂದರ ಮೇಲೊಂದು ಪೇರಿಸುವಾಗ ನಡುವೆ ಇಟ್ಟ ಮುಕ್ಕಾಲಿಯದು. ಯಾವ ದೇಶದಿಂದ, ಯಾವ ಕಾಗದದ ಮೇಲೆ ಹೊರಬಂತು ಅಂತಲೂ ಕೇಳಿ. ಟರ್ಕಿಯಿಂದ ಪುರಾತನ ವಸ್ತು ಹೊರತರುವುದನ್ನು 1983ರ 2863ನೇ ಕಾನೂನು ತಡೆಯುತ್ತದೆ. 'ಈಚೆಗೆ ಅಲ್ಲಿಂದ ತಂದ 18ನೇ ಶತಮಾನದ ಬಟ್ಟಲು' ಅನ್ನುವವರು ಒಂದೋ ಇಸವಿಯ ವಿಷಯದಲ್ಲಿ ಸುಳ್ಳು ಹೇಳುತ್ತಿದ್ದಾರೆ, ಇಲ್ಲವೇ ಕಾಗದದ ವಿಷಯದಲ್ಲಿ.

ನನ್ನ ಅಂದಾಜು: ಜೆರುಸಲೇಮ್, ಬಾಲಿಯನ್-ಕರಕಾಶಿಯಾನ್ ಬಳಗ ಅಥವಾ ಅವರನ್ನು ಅನುಸರಿಸಿದವರು, 20ನೇ ಶತಮಾನ. ಆ ಬೆಲೆಗೆ ಸಿಕ್ಕರೆ ತಗೊಳ್ಳಿ. ತಳದ ಫೋಟೊ ಬಂದ ಕೂಡಲೇ ಇಲ್ಲಿ ಹಾಕಿ, ಹರಾಜು ಮುಗಿಯುವ ಮುಂಚೆ.